ಎಬ್ಬಿಸೋ ಕಡ್ಡಿ

ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಾಗ ಆ ಮನೆಯ ಅಡುಗೆ ಒಂದೇ ದಿನದಲ್ಲಿ ದಿಕ್ಕೆಟ್ಟುಹೋಯಿತು. ಸೊಸೆ ಮುಂದಿನ ಕೋಣೆಯಲ್ಲಿ ಎಂಬ್ರಾಯ್ಡರಿ ಯಂತ್ರ ಇಟ್ಟುಕೊಂಡು ಶಾಲೆ, ಆಸ್ಪತ್ರೆ, ಆಟದ ತಂಡಗಳ ಅಂಗಿಗಳ ಮೇಲೆ ಹೆಸರು, ಲಾಂಛನ ಹೊಲಿದುಕೊಡುತ್ತಿದ್ದಳು. ಅವಳಿಗೆ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ. ಮಗ ಲಿಫ್ಟ್ ಮೆಕ್ಯಾನಿಕ್. ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಊಟದ ತಟ್ಟೆ ಬಿಟ್ಟು ಓಡಬೇಕು. ಹದಿನಾಲ್ಕರ ಮೊಮ್ಮಗಳು ಅನ್ನಕ್ಕೆ ಇಟ್ಟರೆ ಗಂಜಿಯಾಗುತ್ತಿತ್ತು. ಹೀಗಾಗಿ ಬೇರೆ ಊರಲ್ಲಿದ್ದ ಅಜ್ಜಿಯ ಮಗಳು ಕೂಡಿಟ್ಟ ರಜೆಯನ್ನೆಲ್ಲ ಒಟ್ಟಿಗೆ ಹಾಕಿ, ಪ್ಲಾಸ್ಟರ್ ಬಿಚ್ಚುವವರೆಗೆ ಇರುತ್ತೇನೆಂದು ಬಂದಳು.

ಅವಳನ್ನು ಎಲ್ಲರೂ ಕರೆಯುವುದು ಗುಬ್ಬಿ ಅಂತ. ಹುಟ್ಟಿದಾಗ ಗುಬ್ಬಿಯಷ್ಟಿದ್ದಳಂತೆ. ಈಗ ನಲವತ್ತೊಂದು ವರ್ಷ, ಬಾಗಿಲಲ್ಲಿ ನಿಂತರೆ ಹಿಂದಿನವರು ಕಾಣುವುದಿಲ್ಲ. ಮೊಮ್ಮಗಳ ಬಾಯಲ್ಲಿ ಅವಳು ಗುಬ್ಬತ್ತೆ. ಗ್ರಂಥಾಲಯವೊಂದರ ಇಪ್ಪತ್ತು ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ.

ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟು, ಅಲ್ಲಿಂದಲೇ ಆಳತೊಡಗಿದರು.

"ಈರುಳ್ಳಿ ಅಷ್ಟು ದಪ್ಪ ಹೆಚ್ತಾರೇನೇ? ದನಕ್ಕೆ ಹಾಕೋ ಹಾಗೆ?"

"ಅಮ್ಮಾ, ಬಾಯಿಗೂ ಒಂದು ಪ್ಲಾಸ್ಟರ್ ಹಾಕಿಸ್ಕೊಂಡು ಬರಬೇಕಿತ್ತು ನಾವು."

ಗುಬ್ಬಿ ಬಂದು ಎರಡು ವಾರವಾಗಿತ್ತು. ಒಂದು ಬೆಳಿಗ್ಗೆ ಚಹಾ ಸೋಸುತ್ತಿದ್ದವಳು ಕೈ ನಿಲ್ಲಿಸಿ ಮುಂದಿನ ಕೋಣೆಯ ಕಡೆ ಕಿವಿಕೊಟ್ಟಳು. ಎಂಬ್ರಾಯ್ಡರಿ ಯಂತ್ರದ ಸದ್ದಲ್ಲ. ಕಟ್, ಕಟ್, ಕಟ್. ಸ್ವಲ್ಪ ಬಿಟ್ಟು ಮತ್ತೆ ಕಟ್.

"ಅತ್ತಿಗೆ, ಕಂಪ್ಯೂಟರಿಂದ ಬರ್ತಿರೋ ಸದ್ದಾ ಅದು?"

"ಹೂಂ. ಒಂದು ತಿಂಗಳಿಂದ ಹಾಗೇ. ಮೂರನೇ ಸಲಕ್ಕೆ ಸರಿಯಾಗಿ ಶುರುವಾಗುತ್ತೆ," ಎಂದಳು ಸೊಸೆ, ಸೂಜಿಗೆ ಕಣ್ಣು ನೆಟ್ಟು.

"ಅದು ಡಿಸ್ಕ್ ಸಾಯ್ತಿರೋ ಸದ್ದು."

"ಬಿಡು, ನನ್ನ ಮಂಡಿನೂ ಅದೇ ಸದ್ದು ಮಾಡುತ್ತೆ. ನಾನು ಬದುಕಿಲ್ವಾ?"

ರಾತ್ರಿ ಊಟಕ್ಕೆ ಕೂತಾಗ ಗುಬ್ಬಿ ಮತ್ತೆ ಆ ಮಾತು ತೆಗೆದಳು. ಅಣ್ಣ ಬೇಳೆ ಬಡಿಸಿಕೊಳ್ಳುತ್ತ, "ಓಡ್ತಿರೋದನ್ನ ಮುಟ್ಟಬಾರದು. ಮುಟ್ಟಿದ ಮೇಲೇ ಕೆಡೋದು. ಇಪ್ಪತ್ತು ವರ್ಷದ ಅನುಭವ ನನ್ನದು," ಎಂದ.

"ಲಿಫ್ಟಿನ ಬ್ರೇಕು ಹಿಡಿಯುತ್ತೋ ಇಲ್ವೋ ಅಂತ ನೀನು ತಿಂಗಳಿಗೊಂದು ಸಲ ನೋಡೋದಿಲ್ವಾ ಅಣ್ಣ? ಜನ ಬೀಳಲಿ, ಆಮೇಲೆ ನೋಡೋಣ ಅಂತೀಯಾ?"

ಅಣ್ಣ ಅನ್ನ ಕಲಸುವುದರಲ್ಲಿ ಮಗ್ನನಾದ.

"ನನ್ನ ಡಿಸೈನುಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕ್ಕೊಂಡ್ರೆ ಆಯ್ತಪ್ಪ," ಎಂದಳು ಸೊಸೆ. "ಅದಕ್ಯಾಕೆ ಇಷ್ಟು ಮಾತು?"

"ಡಿಸೈನು ಪೆನ್ ಡ್ರೈವಲ್ಲಿರುತ್ತೆ. ಅದನ್ನ ತೆರೆಯೋ ಸಾಫ್ಟ್‌ವೇರ್?"

ಸೊಸೆ ಸೌಟನ್ನು ಕೆಳಗಿಟ್ಟಳು. ಯಂತ್ರವನ್ನು ಅವಳು ಕೊಂಡಿದ್ದು ಸೆಕೆಂಡ್ ಹ್ಯಾಂಡಿನಲ್ಲಿ. ಜೊತೆಗೆ ಬಂದ ಸಾಫ್ಟ್‌ವೇರಿನ ಸಿ.ಡಿ. ಎಂದೋ ಎರಡು ಹೋಳಾಗಿತ್ತು, ಮಾರಿದ ಅಂಗಡಿ ಬಾಗಿಲು ಹಾಕಿತ್ತು. ಆ ಕಂಪ್ಯೂಟರ್ ಒಂದರಲ್ಲೇ ಅದು ಉಳಿದಿದ್ದು.

"ನೋಡಿ ಅತ್ತಿಗೆ, ಬರೀ ಫೈಲು ಇಟ್ಕೊಳ್ಳೋದು ಅಂದ್ರೆ ಬಟ್ಟೆಬರೆ ಮಾತ್ರ ಪೆಟ್ಟಿಗೇಲಿ ತುಂಬಿಕೊಂಡ ಹಾಗೆ. ಮನೆ ಬಿದ್ದು ಹೋದ್ರೆ ಪೆಟ್ಟಿಗೆ ಹಿಡ್ಕೊಂಡು ಬೀದೀಲಿ ನಿಲ್ಲಬೇಕು. ಪೂರ್ತಿ ಡಿಸ್ಕಿನ ಪಡಿಯಚ್ಚು ತೆಗೀಬೇಕು. ಗೋಡೆ, ಬಾಗಿಲು, ಕಿಟಕಿ ಎಲ್ಲ ಸೇರಿ. ಅದರ ಜೊತೆಗೆ, ಡಿಸ್ಕ್ ಸತ್ತರೂ ಕಂಪ್ಯೂಟರನ್ನ ಎಬ್ಬಿಸೋಕೆ ಒಂದು ಪೆನ್ ಡ್ರೈವ್ ಮಾಡಿಡಬೇಕು."

"ಅದ್ಯಾಕೆ ಬೇರೆ?" ಎಂದರು ಅಜ್ಜಿ, ಎಡಗೈಯಲ್ಲಿ ಚಮಚ ಹಿಡಿಯಲು ಹೆಣಗುತ್ತ.

"ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಎಳ್ಕೊಂಡ್ರೆ ಏನ್ಮಾಡ್ತೀಯ ಅಮ್ಮ?"

"ಪಕ್ಕದ ಮನೇಲಿ ಇನ್ನೊಂದು ಕೊಟ್ಟಿದೀನಲ್ಲ."

"ಇದೂ ಅದೇ."

"ಹಾಗೆ ಹೇಳು ಮತ್ತೆ! ಎಬ್ಬಿಸೋ ಕಡ್ಡಿ!" ಅಜ್ಜಿಗೆ ಅರ್ಥವಾಗಿಹೋಯಿತು. "ಮಾಡಿಸ್ಕೊಳ್ಳಮ್ಮಾ," ಎಂದು ಸೊಸೆಗೆ ಹೇಳಿದರು. "ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ. ಆ ಥರ ಆಗೋದು ಬೇಡ."

ಸೊಸೆ ಒಪ್ಪಿದಳು. ಮಗಳ ತಟ್ಟೆಗೆ ಸೊಪ್ಪು ಬಡಿಸುತ್ತ, "ಹಾಗೇ ಒಂದು ಪಾಸ್‌ವರ್ಡ್ ಹಾಕಿಬಿಡು ಗುಬ್ಬಿ. ಈ ಮಹಾರಾಯ್ತಿ ಕೈಗೆ ಸಿಗದ ಹಾಗೆ," ಎಂದಳು.

ಹುಡುಗಿ ಅರ್ಧಕ್ಕೇ ಎದ್ದು ತಟ್ಟೆ ತೊಳೆಯಲು ಹೋದಳು. ಗುಬ್ಬಿ ತನ್ನ ತಟ್ಟೆಯಲ್ಲಿದ್ದ ಮೆಣಸಿನಕಾಯಿಯನ್ನು ಅಂಚಿಗೆ ತಳ್ಳುತ್ತ ಕೂತಳು.

ಅದಕ್ಕೊಂದು ಹಿನ್ನೆಲೆ ಇತ್ತು. ಮೂರು ವರ್ಷದ ಹಿಂದೆ ಮಕ್ಕಳ ಆಸ್ಪತ್ರೆಯೊಂದರ ಕಿಟಕಿ ಪರದೆಗಳಿಗೆಂದು ಸೊಸೆ ಹಕ್ಕಿಗಳ ಡಿಸೈನು ಮಾಡಿದ್ದಳು. ನೂರಾ ನಲವತ್ತು ಹಕ್ಕಿ, ಆರು ತಿಂಗಳ ಕೆಲಸ. ಒಂದು ಸಂಜೆ ನೋಡಿದರೆ ಆ ಫೋಲ್ಡರೇ ಇಲ್ಲ. ರಜೆಯಲ್ಲಿ ಆ ಕಂಪ್ಯೂಟರಿನಲ್ಲಿ ಆಟ ಆಡುತ್ತಿದ್ದವಳು ಮಗಳೊಬ್ಬಳೇ. ಹನ್ನೊಂದು ವರ್ಷದ ಹುಡುಗಿಗೆ ಕೆನ್ನೆಗೆ ಎರಡು ಬಿತ್ತು. "ನಾನಲ್ಲ" ಎಂದಿದ್ದಕ್ಕೆ, ಸುಳ್ಳು ಬೇರೆ ಹೇಳುತ್ತೀಯಾ ಎಂದು ಇನ್ನೊಂದು. ಕೆಲಸ ಕೈಬಿಟ್ಟುಹೋಯಿತು. ಅಂದಿನಿಂದ ಹುಡುಗಿ ಆ ಕೋಣೆಗೆ ಕಸ ಗುಡಿಸಲು ಮಾತ್ರ ಹೋಗುತ್ತಿದ್ದಳು. ಶಾಲೆಯ ಕೆಲಸಕ್ಕೆ ಕಂಪ್ಯೂಟರ್ ಬೇಕಾದರೆ ಎರಡು ಬೀದಿ ದಾಟಿ ಗೆಳತಿಯ ಮನೆಗೆ ನಡೆಯುತ್ತಿದ್ದಳು.

*

ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಅಣ್ಣ ಹೊರಗೆ ಜೋಡಿಸುವ ಒಂದು ಡಿಸ್ಕು ತಂದುಕೊಟ್ಟಿದ್ದ. ಗುಬ್ಬಿ ಮೊದಲು ಡಿಸೈನಿನ ಫೈಲುಗಳನ್ನಷ್ಟೇ ಅದಕ್ಕೆ ಇಳಿಸಿಕೊಂಡಳು.

"ಪೂರ್ತಿ ತೆಗೀತೀನಿ ಅಂದೆ?" ಸೊಸೆ ಕೇಳಿದಳು.

"ಮನೆಗೆ ಬೆಂಕಿ ಬಿದ್ರೆ ಮೊದಲು ಮಕ್ಕಳನ್ನ ಎತ್ಕೊಂಡು ಬರ್ತೀವಿ. ಆಮೇಲೆ ಮಂಚ, ಬೀರು."

ಆಮೇಲೆ ಪಡಿಯಚ್ಚು ತೆಗೆಯುವ ಕೆಲಸಕ್ಕೆ ಹಚ್ಚಿ ಇಬ್ಬರೂ ಕಾದರು. ಯಂತ್ರ ನಿಂತಿತ್ತು. ಸೊಸೆಗೆ ಕೈ ಖಾಲಿ ಇದ್ದು ಅಭ್ಯಾಸವಿಲ್ಲ. ಬಂದ ಅಂಗಿಗಳನ್ನು ಅಳತೆವಾರು ಮಡಿಸಿದಳು, ದಾರದ ಉಂಡೆಗಳನ್ನು ಬಣ್ಣವಾರು ಜೋಡಿಸಿದಳು, ಕಿಟಕಿ ಒರೆಸಿದಳು. ಊಟದ ಹೊತ್ತಿಗೆ ನೂರಕ್ಕೆ ಅರವತ್ತೊಂದು ಭಾಗ ಆಗಿತ್ತು. ಅಲ್ಲಿಗೆ ಕಟ್ ಕಟ್ ಜೋರಾಯಿತು, ಪರದೆಯ ಮೇಲೆ ಕೆಂಪಕ್ಷರ ಬಂತು, ಎಲ್ಲ ನಿಂತಿತು.

"ಹೋಯ್ತಾ?"

"ಇಲ್ಲ. ಡಿಸ್ಕಲ್ಲಿ ಕೆಲವು ಜಾಗ ಓದಕ್ಕಾಗ್ತಿಲ್ಲ. ಓದಕ್ಕಾಗದ್ದನ್ನ ಬಿಟ್ಟು ಮುಂದೆ ಹೋಗು ಅಂತ ಹೇಳಿ ಮೊದಲಿಂದ ಶುರು ಮಾಡಬೇಕು."

"ಮೊದಲಿಂದಾನಾ!"

"ಅಮ್ಮನಿಗೆ ಓದಿ ಹೇಳೋವಾಗ ಕಷ್ಟದ ಪದ ಬಂದ್ರೆ ಹಾರಿಸಿಬಿಡ್ತೀವಲ್ಲ, ಹಾಗೆ."

"ಓಹೋ, ಹಾರಿಸ್ತಿದ್ದೀಯಾ ನೀನು?" ಎಂದರು ಅಜ್ಜಿ ಒಳಗಿನಿಂದ.

ಎರಡನೆಯ ಸಲ ಸಂಜೆ ಐದರ ಹೊತ್ತಿಗೆ ಮುಗಿಯಿತು. ಒಂಬತ್ತು ಕಡೆ ಓದಲಾಗಿಲ್ಲ, ಉಳಿದದ್ದೆಲ್ಲ ಬಂದಿದೆ ಎಂದು ತೋರಿಸಿತು. ಎಬ್ಬಿಸುವ ಪೆನ್ ಡ್ರೈವನ್ನು ಗುಬ್ಬಿ ತನ್ನ ಲ್ಯಾಪ್‌ಟಾಪಿನಲ್ಲಿ ಆಗಲೇ ಮಾಡಿಟ್ಟಿದ್ದಳು. ಅದನ್ನು ಚುಚ್ಚಿ, ಕಂಪ್ಯೂಟರ್ ಆರಿಸಿ ಹಚ್ಚಿದಳು. ಪೆನ್ ಡ್ರೈವಿನಿಂದ ಏಳಬೇಕಾದ್ದು ಹಳೆಯ ದಾರಿಯಲ್ಲೇ ಎದ್ದಿತು. ಮತ್ತೆ ಆರಿಸಿದಳು, ಎಫ್ ಹನ್ನೆರಡು ಒತ್ತಿದಳು. ಊಹೂಂ. ಎಫ್ ಎರಡು ಒತ್ತಿದಳು. ಅದೂ ಇಲ್ಲ.

ಒಣಗಿದ ಬಟ್ಟೆ ಹೊತ್ತು ಬಾಗಿಲಲ್ಲಿ ಹಾದುಹೋಗುತ್ತಿದ್ದ ಹುಡುಗಿ ನಿಂತಳು. "ಗುಬ್ಬತ್ತೆ, ಅದಲ್ಲ. ಎಸ್ಕೇಪ್. ಹಚ್ಚಿದ ತಕ್ಷಣ ಒತ್ತುತ್ತಾ ಇರಬೇಕು."

ಗುಬ್ಬಿ ಹಾಗೇ ಮಾಡಿದಳು. ನೀಲಿ ಪರದೆಯ ಮೇಲೆ ಪಟ್ಟಿಯೊಂದು ಮೂಡಿತು.

"ಬಂತು ನೋಡಿ!" ಎಂದಳು ಗುಬ್ಬಿ.

ಸೊಸೆ ಪರದೆ ನೋಡಲಿಲ್ಲ. ಮಗಳನ್ನು ನೋಡಿದಳು. "ನಿನಗೆ ಹೇಗೆ ಗೊತ್ತು?"

"ಗೆಳತಿ ಮನೇಲೂ ಇದೇ ಥರದ್ದು ಇದೆ."

"ಅಥವಾ ನಾನಿಲ್ಲದಾಗ ಬಂದು ಕೂತ್ಕೋತೀಯಾ?"

"ಇಲ್ಲಮ್ಮ."

"ಮುಖ ನೋಡಿ ಹೇಳು. ಆವತ್ತೂ ಹೀಗೇ ಇಲ್ಲ ಇಲ್ಲ ಅಂತಲೇ..."

"ಅತ್ತಿಗೆ." ಗುಬ್ಬಿ ಕುರ್ಚಿಯಿಂದ ಎದ್ದಳು. "ಅವಳನ್ನ ಬೈಬೇಡಿ. ಆವತ್ತು ಹಕ್ಕಿ ಫೋಲ್ಡರ್ ಅಳಿಸಿದ್ದು ನಾನು."

ಸೊಸೆಯ ಕೈಯಲ್ಲಿ ದಾರದ ಉಂಡೆ ಇತ್ತು. ಅದನ್ನು ಮೇಜಿನ ಮೇಲಿಟ್ಟಳು. "ಏನಂದೆ?"

"ನಾನು ಎರಡು ದಿನಕ್ಕೆ ಬಂದಿದ್ದೆನಲ್ಲ ಆಗ. ಡಿಸ್ಕ್ ತುಂಬಿದೆ, ಜಾಗ ಮಾಡೋಣ ಅಂತ ನೀವು ಮನೇಲಿಲ್ಲದಾಗ ಕೂತೆ. ಹಕ್ಕಿ ಅಂತ ಎರಡು ಫೋಲ್ಡರ್ ಇದ್ವು. ಒಂದು ಹಳೇದು ಅಂದ್ಕೊಂಡೆ. ಅಳಿಸಿ, ಕಸದ ಬುಟ್ಟೀನೂ ಖಾಲಿ ಮಾಡಿ ಬಸ್ಸು ಹತ್ತಿದೆ. ಸಂಜೆ ನೀವು ಫೋನ್ ಮಾಡಿದಾಗಲೇ ತಿಳಿದಿದ್ದು, ಹಳೇದನ್ನ ಬಿಟ್ಟು ಹೊಸದನ್ನೇ ಅಳಿಸಿದೀನಿ ಅಂತ."

"ತಿಳಿದು?"

"ಅಯ್ಯೋ ಹೌದಾ, ಅಂದೆ."

"ಇವಳಿಗೆ ಹೊಡೆದೆ ಅಂತ ಅದೇ ಫೋನಲ್ಲಿ ಹೇಳಿದ್ದೆ ನಾನು."

"ಹೇಳಿದ್ರಿ."

"ಆಗಲೂ ಬಾಯಿ ಬಿಡಲಿಲ್ಲ."

"ಇಲ್ಲ. ಹೊಡೆದಾಗಿತ್ತು. ಇನ್ನೇನು ಹೇಳೋದು ಅನ್ನಿಸ್ತು. ಆಮೇಲೆ ಹೇಳೋಕೆ ಆಗಲೇ ಇಲ್ಲ."

ಹುಡುಗಿ ಬಟ್ಟೆಯ ರಾಶಿಯನ್ನು ಕುರ್ಚಿಯ ಮೇಲೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟಳು. "ಎಲ್ಲಿಗೆ?" ಎಂದು ಅಪ್ಪ ಕೇಳಿದ. "ಗೆಳತಿ ಮನೆಗೆ" ಎನ್ನುವುದು ಗೇಟಿನ ಆಚೆಯಿಂದ ಕೇಳಿತು. ಸೊಸೆ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಆ ಸದ್ದಿಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು.

"ಹೇಳೋಕೆ ಬೇರೆ ದಿನ ಸಿಗಲಿಲ್ವಾ ನಿನಗೆ?" ಎಂದ ಅಣ್ಣ.

"ಮೂರು ವರ್ಷದಲ್ಲಿ ಯಾವ ದಿನ ಒಳ್ಳೇದಿತ್ತು ಅಣ್ಣ?"

ಅಜ್ಜಿ ತಲೆಯಾಡಿಸಿದರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತ ಗಾದೆ. ನಮ್ಮನೇಲೇ ಮಾಡಿ ತೋರಿಸಿದ್ರಿ."

*

ಆ ವಾರ ಮನೆಯಲ್ಲಿ ಮಾತು ಸುತ್ತು ಬಳಸಿ ಹೋಗತೊಡಗಿತು. ಸೊಸೆ ಗುಬ್ಬಿಯ ಜೊತೆ ಮಾತಾಡುತ್ತಿರಲಿಲ್ಲ. ಹುಡುಗಿ ಅಮ್ಮನ ಜೊತೆ ಮಾತಾಡುತ್ತಿರಲಿಲ್ಲ. ವಿಚಿತ್ರವೆಂದರೆ ಗುಬ್ಬತ್ತೆಯ ಜೊತೆ ಆಡುತ್ತಿದ್ದಳು, ಅಗತ್ಯವಿದ್ದಷ್ಟು.

"ಅತ್ತೆ, ಹಾಲು ಉಕ್ಕುತ್ತೆ, ಒಲೆ ಹತ್ತಿರ ಇರೋರಿಗೆ ಹೇಳಿ," ಎನ್ನುತ್ತಿದ್ದಳು ಸೊಸೆ ಮುಂದಿನ ಕೋಣೆಯಿಂದ.

"ಗುಬ್ಬಿ, ಹಾಲು," ಎನ್ನುತ್ತಿದ್ದರು ಅಜ್ಜಿ.

"ಆರಿಸಿದೀನಿ ಅಂತ ಹೇಳಮ್ಮ."

"ಆರಿಸಿದಾಳಂತೆ. ನನ್ನದು ಕೈ ಮುರಿದಿರೋದು ಕಣ್ರೇ. ನನ್ನನ್ನ ಟೆಲಿಫೋನ್ ಕಂಬ ಮಾಡಬೇಡಿ."

ಬುಧವಾರ ಗುಬ್ಬಿ ಚೀಲಕ್ಕೆ ಬಟ್ಟೆ ತುಂಬಿದಳು. ಅಜ್ಜಿ ಬಾಗಿಲಿಗೆ ಅಡ್ಡ ಕುರ್ಚಿ ಎಳೆಸಿಕೊಂಡು ಕೂತರು. "ಯಾರಿಗಾಗಿ ಬಂದೆ ನೀನು? ನನಗಾಗಿ ತಾನೆ? ನನ್ನ ಕೇಳಿ ಹೊರಡು."

"ಅತ್ತಿಗೆ ಮುಖ ನೋಡೋಕಾಗ್ತಿಲ್ಲ ಅಮ್ಮ."

"ನೋಡಬೇಡ. ಕೆಳಗೆ ನೋಡ್ಕೊಂಡು ಈರುಳ್ಳಿ ಹೆಚ್ಚು. ಸಣ್ಣಕೆ."

ಅಷ್ಟರಲ್ಲಿ ಒಳಬಂದ ಸೊಸೆ ಚೀಲ ನೋಡಿದಳು. ಗೋಡೆಗೆ ಹೇಳುವವಳಂತೆ, "ಆವತ್ತೂ ಕೆಲಸ ಕೆಡಿಸಿ ಬಸ್ಸು ಹತ್ತಿದ್ದು. ಇವತ್ತೂ ಅರ್ಧಕ್ಕೆ ಬಿಟ್ಟು ಹತ್ತೋದಾದ್ರೆ ಹತ್ತಲಿ," ಎಂದು ಹೋದಳು.

ಗುಬ್ಬಿ ಚೀಲ ಬಿಚ್ಚಿದಳು. ಮಧ್ಯಾಹ್ನ ಮುಂದಿನ ಕೋಣೆಗೆ ಹೋಗಿ, "ನಿಮಗೇ ಕಲಿಸ್ತೀನಿ. ನನ್ನ ಕೈ ಇಲ್ಲದೆ ಮಾಡೋಕೆ ಬರಬೇಕು," ಎಂದಳು. ಸೊಸೆ ಕುರ್ಚಿ ಸರಿಸಿ ಜಾಗ ಮಾಡಿದಳು. ಪೆನ್ ಡ್ರೈವ್ ಚುಚ್ಚುವುದು, ಎಸ್ಕೇಪ್ ಒತ್ತುವುದು, ಪಟ್ಟಿಯಿಂದ ಪೆನ್ ಡ್ರೈವ್ ಆರಿಸುವುದು, ಹೊರಗಿನ ಡಿಸ್ಕಿನಲ್ಲಿರುವ ಪಡಿಯಚ್ಚು ಕಾಣಿಸುತ್ತದೆಯೇ ಎಂದು ನೋಡುವುದು. ನಾಲ್ಕು ಸಲ ಮಾಡಿಸಿದಳು. ಸೊಸೆ ಪ್ರತಿ ಹೆಜ್ಜೆಯನ್ನೂ ಆರ್ಡರ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ತನ್ನ ಕೈಯಲ್ಲೇ ಬರೆದುಕೊಂಡಳು. ಅಣ್ಣನಿಗೆ, "ಹೊಸ ಡಿಸ್ಕೊಂದು ಈಗಲೇ ತಂದು ಹಾಕಿಬಿಡೋಣ," ಎಂದು ಗುಬ್ಬಿ ಹೇಳಿದಳು. "ಸತ್ತಾಗ ನೋಡೋಣ," ಎಂದ ಅವನು.

ಮಗಳನ್ನು ಒಲಿಸಿಕೊಳ್ಳುವುದು ಸೊಸೆಗೆ ಅದಕ್ಕಿಂತ ಕಷ್ಟವಾಯಿತು. ಅವಳಿಗೆ ಇಷ್ಟವೆಂದು ಆಲೂಗಡ್ಡೆ ಹುರಿದಳು. ಹುಡುಗಿ ತಿಂದಳು, ತಟ್ಟೆ ತೊಳೆದಳು, ಹೋದಳು. ಮೊಟ್ಟೆ ಹಾಕಿ ಬ್ರೆಡ್ ಕಾಯಿಸಿದಳು. ಅದೂ ಹಾಗೇ ಮುಗಿಯಿತು. "ಹೊಟ್ಟೆ ಬೇರೆ, ಕೋಪ ಬೇರೆ ಇಟ್ಟುಕೊಂಡಿದಾಳೆ, ಜಾಣೆ," ಎಂದರು ಅಜ್ಜಿ.

ಮುಂದಿನ ವಾರ ಮಹಡಿಯ ಮೇಲೆ ತಾಯಿ ಮಗಳು ಒಗೆದ ಬಟ್ಟೆ ಹರವುತ್ತಿದ್ದರು. ಒದ್ದೆ ಹಾಸಿಗೆ ಬಟ್ಟೆಯ ಎರಡು ತುದಿ ಹಿಡಿದು ಹಿಂಡಲು ಇಬ್ಬರು ಬೇಕೇ ಬೇಕು.

"ಗುಬ್ಬತ್ತೆ ಜೊತೆ ಮಾತಾಡ್ತೀಯ," ಎಂದಳು ಸೊಸೆ. "ತಪ್ಪು ಮಾಡಿದ್ದು ಅವಳು. ನನ್ನ ಜೊತೆ ಯಾಕಿಲ್ಲ?"

ಹುಡುಗಿ ತನ್ನ ತುದಿಯನ್ನು ತಿರುಚಿದಳು. ನೀರು ಸುರಿಯಿತು.

"ಗುಬ್ಬತ್ತೆ ಹೇಳಲಿಲ್ಲ. ಹೆದರಿದ್ಳು. ನಾನು ಹೇಳಿದ್ದೆನಲ್ಲ ಅಮ್ಮ? ನಾನಲ್ಲ ಅಂತ ಎಷ್ಟು ಸಲ ಹೇಳಿದೆ? ಹೇಳಿದಷ್ಟೂ ಹೊಡೆದೆ."

"ನನಗೆ ಆವತ್ತು ತಲೆ ಕೆಟ್ಟಿತ್ತು ಕಣೆ."

"ಆವತ್ತು ಸರಿ. ಮಾರನೇ ದಿನ? ಮೂರು ವರ್ಷ ಪೂರ್ತಿ ತಲೆ ಕೆಟ್ಟಿತ್ತಾ?"

ಸೊಸೆ ಬಟ್ಟೆಯನ್ನು ಹಗ್ಗಕ್ಕೆ ಹಾಕಿ ಕ್ಲಿಪ್ಪು ಸಿಕ್ಕಿಸಿದಳು. ಅದರ ಆಚೆಯಿಂದ, "ನಂದು ತಪ್ಪಾಯ್ತು," ಎಂದಳು.

"ಹೂಂ," ಎಂದಳು ಹುಡುಗಿ, ಈಚೆಯಿಂದ. "ಬಕೆಟ್ ಕೊಡು."

*

ಆರನೆಯ ವಾರದ ಶನಿವಾರ ಗುಬ್ಬಿ ಅಜ್ಜಿಯನ್ನು ಪ್ಲಾಸ್ಟರ್ ಬಿಚ್ಚಿಸಲು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅವರು ಬೀದಿ ತಿರುಗುವಷ್ಟರಲ್ಲಿ ಸೊಸೆ ಕಂಪ್ಯೂಟರ್ ಹಚ್ಚಿದಳು. ಮೂರನೆಯ ಸಲಕ್ಕೂ ಏಳಲಿಲ್ಲ. ಹತ್ತನೆಯ ಸಲಕ್ಕೂ ಏಳಲಿಲ್ಲ. ಕಟ್ ಕಟ್ ಸದ್ದೂ ನಿಂತಿತ್ತು. ಕಪ್ಪು ಪರದೆಯಲ್ಲಿ ಅವಳ ಮುಖ ಅವಳಿಗೇ ಕಾಣುತ್ತಿತ್ತು.

ಪಕ್ಕದಲ್ಲಿ ಆಟದ ತಂಡವೊಂದರ ಅರವತ್ತು ಅಂಗಿಗಳಿದ್ದವು. ಇಪ್ಪತ್ತಕ್ಕೆ ಹೆಸರು ಹೊಲಿದಾಗಿತ್ತು, ನಲವತ್ತು ಬಾಕಿ. ಸಂಜೆ ಏಳಕ್ಕೆ ಅವರು ಬಂದು ಒಯ್ಯಬೇಕು, ಮಾರನೆಯ ದಿನ ಪಂದ್ಯ. ಗುಬ್ಬಿಗೆ ಫೋನ್ ಮಾಡಿದಳು. ಆ ಭಾನುವಾರದ ಮೇಲೆ ಅವಳಾಗಿಯೇ ಮಾತಾಡಿಸಲು ಹೊರಟಿದ್ದು ಇದೇ ಮೊದಲು. ಆಸ್ಪತ್ರೆಯ ಎಕ್ಸ್-ರೇ ಕೋಣೆಗೆ ಹೋಗುವಾಗ ಗುಬ್ಬಿ ಫೋನ್ ಆರಿಸಿದ್ದಳು.

ಗಂಡನಿಗೆ ಮಾಡಿದಳು. "ರೀ, ಸತ್ತಿದೆ. ಈಗ ನೋಡಿ."

ಅವನು ಎರಡು ಲಿಫ್ಟುಗಳ ನಡುವೆ ಬಿಡುವು ಮಾಡಿಕೊಂಡು ಹತ್ತೂವರೆಗೆ ಹೊಸ ಡಿಸ್ಕಿನೊಂದಿಗೆ ಬಂದ. ಪೆಟ್ಟಿಗೆ ಬಿಚ್ಚುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ನಾಲ್ಕು ಸ್ಕ್ರೂ, ಎರಡು ವೈರು, ಹಿಡಿ ಧೂಳು. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ, "ಮುಂದಿನದು ನಿಮ್ಮ ಇಲಾಖೆ," ಎಂದು ಚಹಾ ಕೂಡ ಕುಡಿಯದೆ ಹೊರಟುಹೋದ. ಯಾವುದೋ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಒಬ್ಬರು ನಾಯಿಯ ಸಮೇತ ಸಿಕ್ಕಿಕೊಂಡಿದ್ದರಂತೆ.

ಸೊಸೆ ಆರ್ಡರ್ ಪುಸ್ತಕವನ್ನು ಹಿಂದಿನಿಂದ ತೆರೆದಳು. ಪೆನ್ ಡ್ರೈವ್ ಚುಚ್ಚಿದಳು. ಎಸ್ಕೇಪ್ ಒತ್ತಿದಳು. ಪಟ್ಟಿ ಬಂತು. ಕಂಪ್ಯೂಟರ್ ಎದ್ದಿತು. ಪಡಿಯಚ್ಚು ಕಂಡಿತು. ಇಲ್ಲಿಯವರೆಗೆ ನಾಲ್ಕು ಸಲ ಮಾಡಿದ್ದಳು. ಇದರ ಮುಂದಿನದನ್ನು ಮಾಡಿರಲಿಲ್ಲ. ಯಾವ ಡಿಸ್ಕಿಗೆ ಇಳಿಸಲಿ ಎಂದು ಅದು ಕೇಳಿತು. ಎರಡು ಸಾಲು ಇದ್ದವು. ಎರಡೂ ಒಂದೇ ಅಳತೆ. ಕೆಳಗೆ ಕೆಂಪಿನಲ್ಲಿ ಎಚ್ಚರಿಕೆ ಇತ್ತು: ಆರಿಸಿದ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.

ಒಂದು ಹೊಸ ಡಿಸ್ಕು. ಇನ್ನೊಂದು, ಪಡಿಯಚ್ಚು ಇರುವ ಡಿಸ್ಕು. ತಪ್ಪಿ ಅದನ್ನು ಒತ್ತಿದರೆ ಹಳೆಯದೂ ಇಲ್ಲ, ಪಡಿಯಚ್ಚೂ ಇಲ್ಲ, ಸಾಫ್ಟ್‌ವೇರೂ ಇಲ್ಲ.

ಅವಳು ಕೈಯನ್ನು ಮಡಿಲಿಗೆ ತೆಗೆದುಕೊಂಡಳು. ಗುಬ್ಬಿಗೆ ಮತ್ತೆ ಫೋನ್ ಮಾಡಿದಳು. ಆಫ್. ಹನ್ನೊಂದೂಕಾಲು.

ನಡುಮನೆಯಲ್ಲಿ ಹುಡುಗಿ ಓದುತ್ತ ಕೂತಿದ್ದಳು.

"ಸ್ವಲ್ಪ ಬರ್ತೀಯಾ?"

ಹುಡುಗಿ ಬಾಗಿಲವರೆಗೆ ಬಂದು ನಿಂತಳು.

"ಒಳಗೆ ಬಾ. ಎರಡರಲ್ಲಿ ಹೊಸದ್ಯಾವುದು ಅಂತ ಗೊತ್ತಾಗ್ತಿಲ್ಲ."

ಹುಡುಗಿ ಬಂದು ಬಗ್ಗಿ ನೋಡಿದಳು. ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. "ಸಾಲಿನ ಪಕ್ಕದಲ್ಲಿ ಎಷ್ಟು ಜಾಗ ಖಾಲಿ ಅಂತ ಇದೆಯಲ್ಲ. ಮೇಲಿನದು ಪೂರ್ತಿ ಖಾಲಿ. ಕೆಳಗಿಂದು ಅರ್ಧ ತುಂಬಿದೆ. ಪಡಿಯಚ್ಚು ಇರೋದು ತುಂಬಿರೋದ್ರಲ್ಲಿ. ಮೇಲಿನದು ಹೊಸದು."

ಸೊಸೆ ಬೆರಳಿಟ್ಟು ಎರಡು ಸಲ ಓದಿದಳು. ಹೌದು. ಕುರ್ಚಿಯಿಂದ ಎದ್ದಳು. "ಕೂತ್ಕೋ. ನೀನೇ ಒತ್ತು."

"ಬೇಡ."

"ಯಾಕೆ?"

"ಆಮೇಲೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ."

"ಒತ್ತು ಅಂತ ಹೇಳ್ತಿರೋದು ನಾನು."

"ಈಗ ಹೇಳ್ತೀಯ."

ಸೊಸೆ ಅವಳನ್ನೇ ನೋಡಿದಳು. ಕೋಪ ಬಂದಿತ್ತು, ಯಾರ ಮೇಲೆ ಎಂದು ಹೇಳಲಾಗದ ಕೋಪ. ಆರ್ಡರ್ ಪುಸ್ತಕದಿಂದ ಒಂದು ಹಾಳೆ ಹರಿದು, ಯಂತ್ರದ ಮೇಲಿಟ್ಟುಕೊಂಡು ಬರೆದಳು: "ಗುಂಡಿ ಒತ್ತು ಅಂದವಳು ನಾನು. ಏನೇ ಆದರೂ ಹೊಣೆ ನನ್ನದು. ಮಗಳದ್ದಲ್ಲ." ಕೆಳಗೆ ಸಹಿ ಹಾಕಿ ಚಾಚಿದಳು.

ಹುಡುಗಿ ಓದಿದಳು. ತಮಾಷೆಯೋ ಏನೋ ಎಂದು ತಾಯಿಯ ಮುಖ ನೋಡಿದಳು. ತಮಾಷೆ ಕಾಣಲಿಲ್ಲ.

"ತಾರೀಕು ಹಾಕು," ಎಂದಳು.

ಸೊಸೆ ತಾರೀಕು ಹಾಕಿದಳು. ಹುಡುಗಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು. ಮೂರು ವರ್ಷದ ಮೇಲೆ ಕೂತಿದ್ದು. ಕುರ್ಚಿ ಅವಳಿಗೆ ಎತ್ತರವಾಗುತ್ತಿತ್ತು ಆಗ. ಈಗ ಕಾಲು ನೆಲಕ್ಕೆ ಸರಿಯಾಗಿ ತಾಗಿತು. ಮೇಲಿನ ಸಾಲನ್ನು ಆರಿಸಿದಳು, ಗಟ್ಟಿಯಾಗಿ ಓದಿ ಹೇಳಿದಳು, ಒತ್ತಿದಳು.

ಒಂದು, ಎಂದಿತು ಪರದೆ. ನೂರಕ್ಕೆ ಒಂದು.

ಇಬ್ಬರೂ ಬ್ರೆಡ್ ತಿಂದರು. ಅರವತ್ತೊಂದು ಬಂದಾಗ ಸೊಸೆ ಎದ್ದು ನಿಂತಳು. ಅದು ದಾಟಿ ಮುಂದೆ ಹೋಯಿತು. ಒಂದೂವರೆಗೆ ನೂರಾಯಿತು. ಪೆನ್ ಡ್ರೈವ್ ಕಿತ್ತು, ಆರಿಸಿ, ಹಚ್ಚಿದರು. ಮೊದಲನೆಯ ಸಲಕ್ಕೇ ಎದ್ದಿತು. ಎಂಬ್ರಾಯ್ಡರಿ ಸಾಫ್ಟ್‌ವೇರ್ ತೆರೆಯಿತು. ಓದಲಾಗದ ಜಾಗಗಳಲ್ಲಿ ಸಿಕ್ಕಿಕೊಂಡಿದ್ದ ಮೂರು ಹಳೆಯ ಲಾಂಛನಗಳು ಹೋಗಿದ್ದವು. ಆಟದ ತಂಡ ಹಳೆಯ ಗಿರಾಕಿ, ಅವರದ್ದು ಪಡಿಯಚ್ಚಿನಲ್ಲಿ ಇತ್ತು.

"ನೀನು ಹೆಸರು ಓದು. ನಾನು ಅಂಗಿ ಹಾಕ್ತೀನಿ," ಎಂದಳು ಸೊಸೆ.

ಹುಡುಗಿ ಪಟ್ಟಿ ಹಿಡಿದು ಒಂದೊಂದೇ ಹೆಸರು ಓದುತ್ತ, ಪರದೆಯಲ್ಲಿ ಬರೆಯುತ್ತ ಹೋದಳು. ಯಂತ್ರ ಮತ್ತೆ ಓಡಿತು. ನಾಲ್ಕು ಗಂಟೆಗೆ ಅಜ್ಜಿ ಮತ್ತು ಗುಬ್ಬಿ ಬಂದಾಗ ಹದಿನಾರು ಅಂಗಿ ಬಾಕಿ ಇದ್ದವು. ಪೆಟ್ಟಿಗೆಯ ಮುಚ್ಚಳ ಇನ್ನೂ ತೆರೆದೇ ಇತ್ತು. ಪಕ್ಕದಲ್ಲಿ ಹಳೆಯ ಡಿಸ್ಕು ಬಿದ್ದಿತ್ತು. ಗುಬ್ಬಿಗೆ ನೋಡಿದ ಕೂಡಲೇ ತಿಳಿಯಿತು.

"ಯಾರು ಮಾಡಿದ್ದು?"

"ನಾವು," ಎಂದಳು ಸೊಸೆ. ಆಮೇಲೆ ಗುಬ್ಬಿಯ ಕಡೆ ತಿರುಗಿ, "ನಿಂತು ನೋಡ್ತೀಯೇನು? ದಾರದ ತುದಿ ಕತ್ತರಿಸು ಬಾ. ಏಳಕ್ಕೆ ಬರ್ತಾರೆ ಅವರು," ಎಂದಳು.

ಗುಬ್ಬಿ ಕತ್ತರಿ ತೆಗೆದುಕೊಂಡು ಕೂತಳು. ಅಜ್ಜಿ ಪ್ಲಾಸ್ಟರಿಲ್ಲದ ಬಿಳಿಚಿದ ಕೈಯನ್ನು ಎಲ್ಲರಿಗೂ ತೋರಿಸಿದರು. ಯಾರೂ ನೋಡಲಿಲ್ಲ. ಅವರು ಒಳಗೆ ಹೋಗಿ, ಆರು ವಾರದ ಮೇಲೆ, ತಮ್ಮ ಕೈಯಲ್ಲೇ ಚಹಾಕ್ಕೆ ನೀರಿಟ್ಟರು.

*

ಸೋಮವಾರ ಗುಬ್ಬಿ ಹೊರಟಳು. ಸೊಸೆ ಬಸ್ ನಿಲ್ದಾಣದವರೆಗೆ ಚೀಲದ ಒಂದು ಕಿವಿ ಹಿಡಿದು ನಡೆದಳು.

"ತಿಂಗಳಿಗೊಂದು ಸಲ ಹೊಸದಾಗಿ ಪಡಿಯಚ್ಚು ತೆಗೀಬೇಕು," ಎಂದಳು ಗುಬ್ಬಿ. "ನೀವೇ ತೆಗೀಬಹುದು ಈಗ."

"ತೆಗೀತೀನಿ. ನೀನೂ ಬಾ."

"ಬರ್ಲಾ?"

"ಬಾ ಅಂದ ಮಾತ್ರಕ್ಕೆ ಮರೆತಿದೀನಿ ಅಂತಲ್ಲ."

"ಗೊತ್ತು ಅತ್ತಿಗೆ."

"ಅವಳು ಮರೆತ್ರೆ ನಾನೂ ಮರೀತೀನಿ. ಅದು ಅವಳಿಗೆ ಬಿಟ್ಟಿದ್ದು." ಬಸ್ಸು ಬಂತು. ಸೊಸೆ ಚೀಲವನ್ನು ಮೇಲಕ್ಕೆ ದಾಟಿಸಿದಳು. "ಊರು ಮುಟ್ಟಿದ ಮೇಲೆ ಫೋನ್ ಮಾಡು. ಅತ್ತೆ ಕಾಯ್ತಿರ್ತಾರೆ."

ಮನೆಗೆ ಬಂದು, ಅನ್ನಕ್ಕಿಟ್ಟು, ಆಸ್ಪತ್ರೆಯೊಂದರ ಅಂಗಿಗಳ ಗಂಟು ಎತ್ತಿಕೊಂಡು ಮುಂದಿನ ಕೋಣೆಗೆ ಹೋದರೆ, ಕುರ್ಚಿಯಲ್ಲಿ ಮಗಳು ಕೂತಿದ್ದಳು. ಶಾಲೆಯ ಚೀಲ ನೆಲದ ಮೇಲೆ ಬಾಯಿ ತೆರೆದು ಬಿದ್ದಿತ್ತು. ಪರದೆಯ ಮೇಲೆ ನದಿಗಳ ಬಗ್ಗೆ ಏನೋ ಪಾಠ, ಪಕ್ಕದಲ್ಲಿ ಅರ್ಧ ತಿಂದ ಸೇಬು, ದಾರದ ಪೆಟ್ಟಿಗೆಯ ಮೇಲೆ.

"ಅಲ್ಲೆಲ್ಲ ತಿನ್ನಬೇಡ. ಏಳೇ, ಕೆಲಸ ಇದೆ ನನಗೆ."

"ಹತ್ತು ನಿಮಿಷ."

"ನಾಳೆ ಬೆಳಿಗ್ಗೆ ಕೊಡಬೇಕು ಇದನ್ನ."

"ನಾನೂ ನಾಳೆ ಬೆಳಿಗ್ಗೆಯೇ ಕೊಡಬೇಕು. ಹತ್ತು ನಿಮಿಷ ಅಂದೆನಲ್ಲ!"

"ಗೆಳತಿ ಮನೇಲಿ ಮಾಡ್ಕೊಂಡು ಬರಬಾರದಿತ್ತಾ?" ಎಂದಳು ಸೊಸೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಹುಡುಗಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಮ್ಮನೇಲೇ ಇದೆಯಲ್ಲ," ಎಂದಳು.

ಸೊಸೆ ಗಂಟನ್ನು ಕೆಳಗಿಟ್ಟು ಸ್ಟೂಲ್ ಎಳೆದುಕೊಂಡು ಕೂತಳು. ಹತ್ತು ನಿಮಿಷ ಅರ್ಧ ಗಂಟೆಯಾಯಿತು. "ಆಯ್ತೇನೇ?" ಎಂದು ಮೂರು ಸಲ ಕೇಳಿದಳು, "ಆಗ್ತಿದೆ" ಎಂದು ಮೂರು ಸಲವೂ ಉತ್ತರ ಬಂತು. ಅಡುಗೆಮನೆಯಿಂದ ಅಜ್ಜಿ, "ಏನ್ರೇ ಅದು ಗಲಾಟೆ?" ಎಂದು ಕೂಗಿದರು.

"ಏನಿಲ್ಲ ಅತ್ತೆ," ಎಂದಳು ಸೊಸೆ. "ಇವಳು ಕುರ್ಚಿ ಬಿಡ್ತಿಲ್ಲ."